ಮರೆತ ಮಾತನ್ನು ಹೇಳಿಕೊಟ್ಟ ಅಪರಾಧದ ಬಗ್ಗೆ

ಮಾನ್ಯ ನಿರ್ದೇಶಕರ ಸನ್ನಿಧಿಗೆ,

ಅನೇಕಾನೇಕ ನಮಸ್ಕಾರಗಳು. ತಮ್ಮ ಆರೋಗ್ಯ, ತಮ್ಮ ಕ್ಯಾಮೆರಾದ ಆರೋಗ್ಯ, ಹಾಗೂ ಕಳೆದ ಮಂಗಳವಾರ ಮಧ್ಯಾಹ್ನ ನನ್ನಿಂದಾಗಿ ಕೆಟ್ಟಿತೆಂದು ಹೇಳಲಾಗುತ್ತಿರುವ ತಮ್ಮ ತಲೆಯ ಆರೋಗ್ಯ, ಈ ಮೂರೂ ಇಷ್ಟುಹೊತ್ತಿಗೆ ಸುಧಾರಿಸಿರಬಹುದೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಮ್ಮ ಕಚೇರಿಯ ಕಾಗದ ತಲುಪಿತು. ಅದರಲ್ಲಿ ನನ್ನನ್ನು 'ಚಿತ್ರೀಕರಣಕ್ಕೆ ಪದೇಪದೇ ಅಡ್ಡಿಪಡಿಸಿದ ಹಿರಿಯ ಮಹಿಳೆ' ಎಂದು ಬಣ್ಣಿಸಿ, ತಾವು ಚಿತ್ರ ತೆಗೆಯುತ್ತಿರುವ ನಾಟಕಶಾಲೆಯ ನೂರು ಅಡಿ ಆಸುಪಾಸಿನಲ್ಲಿ ಸುಳಿಯಬಾರದೆಂದು ಕೇಳಿಕೊಳ್ಳಲಾಗಿದೆ. ಅರವತ್ತೆಂಟು ವರ್ಷದಲ್ಲಿ ಯಾರೂ ನನಗೆ ಇಷ್ಟು ಹೆದರಿದ್ದಿಲ್ಲ. ಕಾಗದಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೇನೆ. ಒಂದೇ ಒಂದು ತೊಡಕೆಂದರೆ, ನನ್ನ ಮನೆ ನಾಟಕಶಾಲೆಯ ಹಿಂಗೋಡೆಯಿಂದ ಅರವತ್ತು ಅಡಿ ದೂರದಲ್ಲಿದೆ. ದಯವಿಟ್ಟು ನಾಟಕಶಾಲೆಯನ್ನು ನಲವತ್ತು ಅಡಿ ಆಚೆಗೆ ಸರಿಸಿಕೊಂಡರೆ ನಾನು ತಮ್ಮ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸುತ್ತೇನೆ.

ತಮ್ಮ ಚಿತ್ರದ ಕಥೆ ಬಹಳ ಸೊಗಸಾಗಿದೆಯೆಂದು ಮೊದಲೇ ಹೇಳಿಬಿಡುತ್ತೇನೆ. ನೂರು ವರ್ಷಗಳ ಹಿಂದೆ ಗಡಿಯಾರ ರಿಪೇರಿಯವನ ಮಗನೊಬ್ಬನಿಗೆ ನಾಟಕದ ಹುಚ್ಚು ಹತ್ತುತ್ತದೆ, ಅವನು ಕಂಪನಿ ಸೇರುತ್ತಾನೆ, ಮೊದಲ ಪ್ರದರ್ಶನದಲ್ಲೇ ಮಾತು ಮರೆತು ನಿಲ್ಲುತ್ತಾನೆ, ಜನ ಗೊಳ್ಳೆಂದು ನಗುತ್ತಾರೆ, ಆ ಅವಮಾನದ ಬೆಂಕಿಯಲ್ಲಿ ಬೆಂದು ಮಹಾನಟನಾಗುತ್ತಾನೆ. ಹೀಗೆ ನಗುವುದಕ್ಕೆ ಇನ್ನೂರು ಜನ ಬೇಕೆಂದು ತಾವು ಊರಲ್ಲೆಲ್ಲ ಹೇಳಿಸಿದಿರಿ. ನಾನೂ ನನ್ನ ಅಣ್ಣನೂ ಹೋದೆವು. ಅವನಿಗೆ ಕಂದು ಕೋಟು, ನನಗೆ ಗುಬ್ಬಿ ಗೂಡು ಕಟ್ಟಬಹುದಾದಂಥ ಒಂದು ಟೋಪಿ ಕೊಟ್ಟು ಮೂರನೇ ಸಾಲಿನಲ್ಲಿ ಕೂರಿಸಿದರು. ಕೊರಳಲ್ಲಿ ಮೂರು ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ತಮ್ಮ ಸಹಾಯಕಿ ಬಂದು, "ಅಜ್ಜಿ, ನೀವೇನೂ ಮಾಡ್ಬೇಕಾಗಿಲ್ಲ. ಹೀರೋ ಮಾತು ಮರೀತಾರೆ, ನೀವು ನಗ್ತೀರಿ. ಅಷ್ಟೆ," ಎಂದಳು.

ಸ್ವಾಮಿ, ಎಲ್ಲ ತಪ್ಪೂ ಇಲ್ಲಿಯೇ ಆಯಿತು. ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಆ ಮಗು ನನ್ನನ್ನು ಕೇಳಲಿಲ್ಲ.

ಅದೇ ನಾಟಕಶಾಲೆಯಲ್ಲಿ, ರಂಗದ ಅಂಚಿನ ಕೆಳಗಿನ ಗುಂಡಿಯಲ್ಲಿ ಕೂತು, ಮೂವತ್ತೊಂದು ವರ್ಷ ನಟರಿಗೆ ಮರೆತ ಮಾತು ಹೇಳಿಕೊಟ್ಟವಳು ನಾನು. ನಟನ ಕಿವಿಗೆ ಬೀಳಬೇಕು, ಮೊದಲ ಸಾಲಿಗೆ ಕೇಳಬಾರದು, ಆ ಪಿಸುಮಾತೇ ನನ್ನ ಕಸುಬು. ತಾವು ಆ ಕಾಲದ ಟಿಕೆಟಿನ ಬಣ್ಣವನ್ನೂ ಹುಡುಕಿ ತಂದಿರಿ, ದೀಪದ ಗಾಜನ್ನೂ ಹುಡುಕಿ ತಂದಿರಿ. ನನ್ನ ಗುಂಡಿಯ ಮೇಲೆ ಮಾತ್ರ ಹಲಗೆ ಹೊಡೆದು, ಜಮಖಾನ ಹಾಸಿ, ಕ್ಯಾಮೆರಾ ನಿಲ್ಲಿಸಿದಿರಿ. ಹೇಳಿಕೊಡುವವರಿಲ್ಲದ ರಂಗದ ಮೇಲೆ ನಟ ಮಾತು ಮರೆಯದೆ ಇನ್ನೇನು ಮಾಡುತ್ತಾನೆ?

ಸಾಲದ್ದಕ್ಕೆ ತಾವು ಆರಿಸಿಕೊಂಡ ನಾಟಕ ನನಗೆ ಕಂಠಪಾಠ. ಮನೆಯಿಂದ ಹೊರಹಾಕಲಾದ ರಾಜಕುಮಾರ ತಾಯಿಯ ಎದುರು ನಿಂತು, "ಬಾಗಿಲು ಹಾಕಿಕೊಂಡವರು ತಾವು..." ಎನ್ನುವಲ್ಲಿಗೆ ತಮ್ಮ ನಾಯಕ ನಿಂತ. ಬಾಯಿ ಅರ್ಧ ತೆರೆದಿತ್ತು, ಕಣ್ಣು ನೀರಿಗೆ ಬಿದ್ದ ಕರುವಿನ ಹಾಗೆ ಸುತ್ತ ತಿರುಗುತ್ತಿತ್ತು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ತಟ್ಟುವುದನ್ನು ನಾನಿನ್ನೂ ಬಿಟ್ಟಿಲ್ಲ," ಎಂದುಬಿಟ್ಟಿತು. ಅವನು ಬದುಕಿದೆ ಎಂಬಂತೆ ಆ ಮಾತು ಹಿಡಿದು ಇಡೀ ಪುಟ ಹೇಳಿ ಮುಗಿಸಿದ.

ಎರಡನೆಯ ಸಲ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ, ಕರವಸ್ತ್ರದೊಳಗಿಂದಲೇ ಹೇಳಿದೆ. ಮೂರನೆಯ ಸಲ ನನ್ನನ್ನು ಕೊನೆಯ ಸಾಲಿಗೆ ಕಳಿಸಿದಿರಿ, ಅಲ್ಲಿಂದಲೂ ಹೇಳಿದೆ. ಧ್ವನಿ ಹಿಡಿಯುವವರು ಕಿವಿಯ ಯಂತ್ರ ತೆಗೆದಿಟ್ಟು, "ಸಾರ್, ಹೀರೋಗಿಂತ ಅಜ್ಜಿ ಕ್ಲಿಯರಾಗಿ ಕೇಳ್ತಿದ್ದಾರೆ," ಎಂದದ್ದನ್ನು ನಾನು ಜೀವಮಾನದ ಪ್ರಶಸ್ತಿಯೆಂದು ತಿಳಿದಿದ್ದೇನೆ. ಆಮೇಲೆ ನನ್ನನ್ನು ಟಿಕೆಟ್ ಕೋಣೆಗೆ ಹಾಕಿ ಚಿಲಕ ಎಳೆದರು. ಅದರ ಒಳಗೋಡೆಯ ಕಿಂಡಿಯಿಂದ ರಂಗವೂ ಕಾಣುತ್ತಿತ್ತು, ಮೂರನೇ ಸಾಲಿನಲ್ಲಿ ಒಂಟಿಯಾಗಿ ಕೂತಿದ್ದ ಅಣ್ಣನ ಬೆನ್ನೂ ಕಾಣುತ್ತಿತ್ತು.

ಆ ಬೆನ್ನಿನ ವಿಚಾರ ತಮಗೆ ತಿಳಿಸಲೇಬೇಕು. ನಲವತ್ತಾರು ವರ್ಷಗಳ ಹಿಂದೆ ಅದೇ ರಂಗದ ಮೇಲೆ ಆ ರಾಜಕುಮಾರನಾಗಿದ್ದವನು ನನ್ನ ಅಣ್ಣ. ಗುಂಡಿಯಲ್ಲಿದ್ದವಳು ನಾನು. ಅವತ್ತು ಬೆಳಿಗ್ಗೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಅವನು, "ಇವಳು ನಿದ್ದೇಲಿ ಇಡೀ ಮೂರನೇ ಅಂಕ ಹೇಳ್ತಾಳೆ, ರಾಕ್ಷಸನ ಪಾರ್ಟೂ ಬಿಡಲ್ಲ," ಎಂದು ಹೇಳಿ ಸಂಬಂಧ ಮುರಿದಿದ್ದ. ಸಂಜೆ ಅವನು ಸರಿಯಾಗಿ ಆ ಮಾತಿನಲ್ಲೇ ತಡವರಿಸಿದಾಗ, ಒಂದೆರಡು ಉಸಿರು ಒದ್ದಾಡಲಿ ಎಂದು ಬೇಕೆಂದೇ ಸುಮ್ಮನಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಜನ ನಕ್ಕಿದ್ದರು. ಅವನು ಗುಂಡಿಯ ಕಡೆ ಒಮ್ಮೆ ನೋಡಿ, ಕಿರೀಟ ತೆಗೆದು ರಂಗದ ಮೇಲೇ ಇಟ್ಟು ಒಳಗೆ ಹೋದ. ಮತ್ತೆ ರಂಗ ಹತ್ತಲಿಲ್ಲ. ಕನ್ನಡಕದ ಅಂಗಡಿ ಇಟ್ಟ. ನಾಟಕದ ಪುಸ್ತಕದಲ್ಲಿ ಆ ಪುಟ ಕಳೆದುಹೋಗಿತ್ತು ಎಂದು ನಾನು ಹೇಳಿದ್ದೆ, ಅವನು ಹೂಂ ಅಂದಿದ್ದ.

ನಾಲ್ಕನೆಯ ಸಲ ತಮ್ಮ ನಾಯಕ, "ಬಾಗಿಲು ಹಾಕಿಕೊಂಡವರು ತಾವು..." ಎಂದು ನಿಂತಾಗ ನಾನು ಕಿಂಡಿಯ ಹಿಂದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ. ದೇವರಾಣೆಗೂ ಹೇಳಿದವಳು ನಾನಲ್ಲ. ಕಂದು ಕೋಟು ಎದ್ದು ನಿಂತಿತು. ಎಪ್ಪತ್ತೆರಡು ವರ್ಷದ ನನ್ನ ಅಣ್ಣ, "ತಟ್ಟುವುದನ್ನು ನಾನಿನ್ನೂ ಬಿಟ್ಟಿಲ್ಲ," ಎಂದು ಮೊದಲಾಗಿ ಮುಂದಿನ ಮಾತನ್ನೆಲ್ಲ ಹೇಳತೊಡಗಿದ. ತಮ್ಮ ನಾಯಕ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ರಂಗದ ಅಂಚಿಗೆ ಬಂದು, ತನ್ನ ಪಾತ್ರ ಬಿಟ್ಟುಕೊಟ್ಟು, ತಾಯಿಯ ಮಾತುಗಳನ್ನು ತಾನು ಹೇಳಿ ಅವನಿಗೆ ಉತ್ತರ ಕೊಟ್ಟ. ನಾಯಕ ಮೇಲೆ, ಅಣ್ಣ ಕೆಳಗೆ, ಹೀಗೆ ದೃಶ್ಯ ಪೂರ್ತಿ ನಡೆಯಿತು. ನಗಲೆಂದು ಕರೆಸಿದ ಇನ್ನೂರು ಜನರಲ್ಲಿ ಒಬ್ಬರೂ ನಗಲಿಲ್ಲ. ಯಾರೂ ಹೇಳದೆ ಚಪ್ಪಾಳೆ ತಟ್ಟಿದರು. ನಾನಂತೂ ಟಿಕೆಟ್ ಕೋಣೆಯಲ್ಲಿ ಟೋಪಿಯನ್ನು ಹಿಂಡಿ ಬಟ್ಟೆಯ ಮುದ್ದೆ ಮಾಡಿಬಿಟ್ಟಿದ್ದೆ. ಇಷ್ಟು ಹೊತ್ತೂ ತಾವು 'ಕಟ್' ಎನ್ನಲಿಲ್ಲ ಎಂಬುದನ್ನು ತಮ್ಮ ಕಚೇರಿಯ ಕಾಗದದಲ್ಲಿ ಬರೆಯಲು ಮರೆತಿದ್ದಾರೆ. ಮರೆತದ್ದನ್ನು ನೆನಪಿಸುವುದು ನನ್ನ ಕಸುಬು.

ಹೊರಗೆ ಹಾಕಿಸಿಕೊಂಡ ಮೇಲೆ ನಾವಿಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆವು. ನಾನು ಧೈರ್ಯ ಮಾಡಿ, "ಅಣ್ಣಾ, ಅವತ್ತು ಪುಟ ಕಳೆದಿರಲಿಲ್ಲ," ಎಂದೆ.

"ಗೊತ್ತು ಕಣೇ. ನೀನು ಪುಟ ನೋಡಿ ಹೇಳ್ತಿದ್ದದ್ದು ಯಾವತ್ತು?"

"ಮತ್ತೆ ಇಷ್ಟು ವರ್ಷ ಯಾಕೆ ಏನೂ ಅನ್ನಲಿಲ್ಲ?"

"ನಿನಗೆ ಬಂದಿದ್ದ ಗಂಡು ಒಳ್ಳೆಯವನೇ ಆಗಿದ್ದ. ಬಾಯಿಬಿಟ್ರೆ ಆ ಮಾತೂ ಎತ್ತಬೇಕಾಗ್ತಿತ್ತಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ತಮ್ಮ ಧ್ವನಿಯವರು ಹೊರಗೆ ಬಂದು ಇನ್ನೊಮ್ಮೆ ನಮ್ಮನ್ನು ಓಡಿಸಬೇಕಾಯಿತು.

ಈಗ ಅಣ್ಣನ ಅಂಗಡಿಗೆ ಬರುವವರು ಅಕ್ಷರದ ಪಟ ಓದುವ ಮೊದಲು ಒಂದು ಅಂಕ ಕೇಳಬೇಕಾಗಿದೆ. ಅತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ತಮ್ಮನ್ನು ಹೆಸರು ಹಿಡಿದು ಬೈಯುತ್ತಿದ್ದಾಳೆ. ಈ ಹಾನಿಗೆ ಪರಿಹಾರವಾಗಿ ನಾನು ಬೇಡುವುದು ಇಷ್ಟೇ: ಆ ನಾಲ್ಕನೆಯ ಸಲದ್ದನ್ನು ಚಿತ್ರದಲ್ಲಿ ಉಳಿಸಿ, ಅದಕ್ಕೆ ತಕ್ಕಂತೆ ಉಳಿದ ಕಥೆಯನ್ನು, ಅಗತ್ಯಬಿದ್ದರೆ ನೂರು ವರ್ಷಗಳ ಹಿಂದಿನ ಕಾಲವನ್ನೂ, ತಿದ್ದಿಕೊಳ್ಳಿ.

ತಾವು ಎಲ್ಲಿ ತಡವರಿಸಿದರೂ ಹೇಳಿಕೊಡಲು ಬಾಯಿ ತೆರೆದು ಕಾದಿರುವ ತಮ್ಮ ವಿಶ್ವಾಸಿ,
ಟಿಕೆಟ್ ಕೋಣೆಯ ಮಾಜಿ ಕೈದಿ

ತಾ.ಕ.: ಆ ದೃಶ್ಯವನ್ನು ಸೋಮವಾರ ಮತ್ತೆ ತೆಗೆಯುತ್ತೀರೆಂದು ತಮ್ಮ ನಾಯಕನೇ ಹೇಳಿದ. ಬುಧವಾರದಿಂದ ಅವನು ದಿನವೂ ನನ್ನ ಮನೆಗೆ ಪಾಠಕ್ಕೆ ಬರುತ್ತಿದ್ದಾನೆ. ಹುಡುಗ ಚುರುಕು, ಇಡೀ ನಾಟಕ ಬಾಯಿಗೆ ಬಂದಿದೆ. ಇನ್ನು ಅವನಿಂದ ಆ ಮಾತನ್ನು ಮರೆಸುವುದು ತಮ್ಮಿಂದಂತೂ ಆಗಲಿಕ್ಕಿಲ್ಲ.