ರಾಮನಾಥನ ಗಿಟಾರಿನ ಜೀರ್ಣೋದ್ಧಾರ

ದೇವಸ್ಥಾನಕ್ಕೆ ಜೀರ್ಣೋದ್ಧಾರವಿದೆ, ಕೆರೆಗೂ ಇದೆ. ಹಾಗಿದ್ದಮೇಲೆ ಕ್ಯಾಸೆಟ್ಟು ಮಾಡಿದ ಪಾಪವೇನು ಎಂಬ ಮಹತ್ತರ ಪ್ರಶ್ನೆ ರೋಷನನಿಗೆ ಹೊಳೆದದ್ದು ೧೯೯೩ರಲ್ಲಿ, ಅಂಕೋಲೆಯ ಬಾಡಿಗೆ ಮನೆಯ ಬಚ್ಚಲಲ್ಲಿ. ಕಾರವಾರದ ಐಸ್ ಫ್ಯಾಕ್ಟರಿಯಲ್ಲಿ ಅವನದು ವಾಲ್ವ್ ತಿರುಗಿಸುವ ಕೆಲಸ. ಬೇಡದ್ದನ್ನು ತಿರುಗಿಸಿ ಬಂದ್ ಮಾಡಬಹುದು ಎಂಬುದೊಂದೇ ಅವನಿಗೆ ತಿಳಿದ ವಿಜ್ಞಾನ. (ಹೆಂಡತಿ ಸುಮಲತಾಳ ವಿಷಯದಲ್ಲಿ ಈ ವಿಜ್ಞಾನ ನಡೆದಿರಲಿಲ್ಲ.)

ಕ್ಯಾಸೆಟ್ಟೇನು ಸಾಮಾನ್ಯದ್ದಲ್ಲ. ಒಂಬತ್ತು ವರ್ಷದ ಹಿಂದೆ ಕಾರವಾರದ ಕಡಲತೀರದಲ್ಲಿ, ನಾಲ್ಕು ಹುಡುಗರು ಸೇರಿ ಕಟ್ಟಿದ ರಾಕ್ ಬ್ಯಾಂಡೊಂದು ನಡೆಸಿದ ಪ್ರಥಮ ಹಾಗೂ ಅಂತಿಮ ಕಾರ್ಯಕ್ರಮ ಅದರಲ್ಲಿತ್ತು. ಗಿಟಾರ್ ಬಾರಿಸಿದವನು ಮಾಜಾಳಿಯ ರಾಮನಾಥ. ಟೇಪ್‌ರೆಕಾರ್ಡರನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಎಲ್ಲರಿಗಿಂತ ಮುಂದೆ ಕುಣಿದವನು ರೋಷನ. ಆ ಬ್ಯಾಂಡಿಗಿದ್ದ ಏಕಮೇವಾದ್ವಿತೀಯ ಅಭಿಮಾನಿ ಅವನೇ. ಉಳಿದವರು ಶೇಂಗಾ ತಿನ್ನಲು ಬಂದವರು.

ಮರುವರ್ಷ ಟ್ರಾಲರಿನಲ್ಲಿ ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕು ರಾಮನಾಥನ ಎಡಗೈಯ ಎರಡು ಬೆರಳು ಹೋದವು. ಗಿಟಾರು ಯಾರದೋ ಮನೆ ಸೇರಿತು. ಈಗ ಅವನು ದಿನಾ ಬಸ್ಸು ಹಿಡಿದು ಗೋವೆಯ ಹೋಟೆಲೊಂದಕ್ಕೆ ಹೋಗಿ ಚಾದರ ಇಸ್ತ್ರಿ ಮಾಡುತ್ತಾನೆ. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವನು ಮೆಲ್ಲಗೆ ಹೇಳಿದ್ದ:

"ನಾ ಗಿಟಾರ್ ಬಾರಿಸ್ತಿದ್ದೆ ಅಂದ್ರೆ ವೈಜಯಂತಿ ನಗ್ತಾಳೆ ಮಾರಾಯಾ. ಮದುವೆ ಮಾತಿನಲ್ಲಿ ಯಾರೋ ಸೇರ್ಸಿದ ಸುಳ್ಳು ಅಂತ್ಲೇ ತಿಳ್ದಿದಾಳೆ. ನಿನ್ನ ಹತ್ರ ಕ್ಯಾಸೆಟ್ ಉಂಟಲ್ಲ. ಒಂದ್ಸಲ ಕೇಳಿಸ್ಬೇಕು ಅವಳಿಗೆ."

"ಬರೇ ಕೇಳಿಸೂದಲ್ಲ. ಹೊಸಾದು ಮಾಡಿ ಕೇಳಿಸ್ತೆ," ಎಂದು ರೋಷನ ವಾಗ್ದಾನವಿತ್ತ. ಕೇಳದಿದ್ದರೂ ಕೊಡುವ ಸ್ವಭಾವ.

ಕ್ಯಾಸೆಟ್ಟಿನ ಸ್ಥಿತಿ ಹೀಗಿತ್ತು: ತಳದಲ್ಲಿ ಜನರೇಟರಿನ ಗುರ್ರು, ಮೇಲೆ ಕಡಲಗಾಳಿಯ ಸುಯ್ಯು, ನಡುವೆ ಯಾರೋ ಕುಡುಕನ ಅಸ್ಪಷ್ಟ ಗರ್ಜನೆ. ಇವರೆಲ್ಲರ ಹಿಂದೆ, ಸಂತೆಯಲ್ಲಿ ಸಿಕ್ಕಿಬಿದ್ದ ಕುಳ್ಳನಂತೆ, ಗಿಟಾರು ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತಿತ್ತು. ಆ ಕುಡುಕನಿಗೆ ರೋಷನ ಒಂಬತ್ತು ವರ್ಷ ತಪ್ಪದೆ ಶಾಪ ಹಾಕಿದ್ದ.

ಸುಮಲತಾಳ ಅಣ್ಣ ಮಸ್ಕತ್ತಿನಿಂದ ತಂದುಕೊಟ್ಟ ಟೇಪ್‌ರೆಕಾರ್ಡರಿಗೆ ಸ್ವರ ಏರಿಸಿ ಇಳಿಸುವ ಗುಂಡಿಗಳಿದ್ದವು. ರೋಷನ ಅದನ್ನು ಬಚ್ಚಲಿನ ತಾಮ್ರದ ಹಂಡೆಯೊಳಗೆ ಪ್ರತಿಷ್ಠಾಪಿಸಿ, ತನ್ನ ಹಳೆಯದನ್ನು ಹಂಡೆಯ ಬಾಯಿಗೆ ಹಿಡಿದ. ಅದು ಹಾಡುವುದು, ಇದು ಮುದ್ರಿಸಿಕೊಳ್ಳುವುದು.

"ನನ್ನ ಟೇಪ್ ಎಂತಕ್ಕೆ ಹಂಡೆಗೆ ಇಳಿಸಿದ್ರಿ?" ಸುಮಲತಾ ಕೇಳಿದಳು.

"ಹಂಡೆಯೊಳಗೆ ಸಭಾಂಗಣದ ಗಾಂಭೀರ್ಯ ಬರ್ತದೆ."

"ಸಭಾಂಗಣ ಬೇಕಾದವ್ರು ಸಮುದ್ರದ ದಂಡೆಗೆ ಎಂತಕ್ಕೆ ಹೋಗಿದ್ರು?"

ರೋಷನ ಬಚ್ಚಲ ಬಾಗಿಲು ಹಾಕಿಕೊಂಡ. ಗಾಳಿಗೆಂದು ಮೇಲಿನ ಸ್ವರ ಇಳಿಸಿದ, ಜನರೇಟರಿಗೆಂದು ಕೆಳಗಿನದನ್ನು ಇಳಿಸಿದ. ಹಾಗೆ ಸೋಸಿದ್ದನ್ನು ಮತ್ತೆ ಸೋಸಿದ. ಇದ್ದದ್ದು ಎರಡೇ ಕ್ಯಾಸೆಟ್ಟು. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹೋಗಿ ಬಂದು, ಕೊನೆಗೆ ಸಂಗೀತವು ರಾಮನಾಥ ಕೈಯಾರೆ ಬ್ಯಾಂಡಿನ ಹೆಸರು ಬರೆದಿದ್ದ ಮೂಲ ಕ್ಯಾಸೆಟ್ಟಿಗೇ ಮರಳಿತು. (ತೊಳೆದಾದ ಮೇಲೆ ಕೊಳೆಯನ್ನು ಯಾರಾದರೂ ತೆಗೆದಿಡುತ್ತಾರೆಯೇ?) ಅಂತಿಮ ಮುದ್ರಣ ನಡೆಯುವಾಗ ಅವನು ಒಳಗಿರಲಿಲ್ಲ. ನೆರೆಮನೆ ಗಂಗೂಬಾಯಿಯ ಕೋಳಿಗಳು ಕೂಗದಂತೆ ಅಂಗಳದಲ್ಲಿ ಕಾವಲಿದ್ದ.

ಭಾನುವಾರ ರಾಮನಾಥ ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿ ವೈಜಯಂತಿಯನ್ನು ಕರೆದುಕೊಂಡು ಬಂದ. ಚಹಾ ಆಯಿತು. ರೋಷನ ಪುರೋಹಿತನ ಗತ್ತಿನಲ್ಲಿ ಗುಂಡಿ ಒತ್ತಿದ.

ಗಾಳಿ ಇಲ್ಲ. ಜನರೇಟರ್ ಇಲ್ಲ. ಎಂಥ ಪರಿಶುದ್ಧಿ ಎಂದು ಅವನು ಹಿಗ್ಗುವಷ್ಟರಲ್ಲಿ ಗಿಟಾರೂ ಇಲ್ಲವೆಂಬುದು ತಿಳಿಯಿತು. ಗಾಳಿಯ ಸುಯ್ಯಿಗೂ ತಂತಿಯ ಝೇಂಕಾರಕ್ಕೂ ಯಂತ್ರ ಭೇದವೆಣಿಸಿರಲಿಲ್ಲ. ಉಳಿದದ್ದು ಆ ಕುಡುಕ ಮಾತ್ರ. ಹಂಡೆಯ ಗಾಂಭೀರ್ಯದೊಂದಿಗೆ, ಅಕ್ಷರ ಅಕ್ಷರವೂ ಬಿಡಿಸಿ ಕೇಳುವಂತೆ ಅವನು ಕೂಗಿದ:

"ರಾಮನಾಥಾ, ಜೋರು ಬಾರ್ಸೋ ಮಾರಾಯಾ. ನಿಂದು ಒಂದೂ ಕೇಳೂದಿಲ್ಲ."

"ಇದು ನೀವಲ್ಲ?" ಎಂದಳು ಸುಮಲತಾ.

"ಛೇ, ಯಾರೋ ಕುಡುಕ."

"ದಿನಾ ಬೆಳಿಗ್ಗೆ ಬಚ್ಚಲಲ್ಲಿ ಇದೇ ದನಿ ಕೇಳ್ತೆ ನಾನು. ನಂಗೆ ಗೊತ್ತಾಗೂದಿಲ್ಲ?"

ಟೇಪಿನೊಳಗಿನ ರೋಷನ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಿಟಾರಿನ ಜೊತೆಗೆ ತಾನೂ ಬಾಯಲ್ಲಿ ಡಡ್ಡಡಾಂಯ್, ಡಿಡ್ಡಿಡೀಂಯ್ ಎಂದು ಬಾರಿಸತೊಡಗಿದ. ವೈಜಯಂತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತ ಗಂಡನ ಕಡೆ ತಿರುಗಿದವಳು ಹಾಗೇ ನಿಂತಳು.

ರಾಮನಾಥನ ಎಡಗೈ ಅವನ ತೊಡೆಯ ಮೇಲೆ ಓಡಾಡುತ್ತಿತ್ತು. ಡಡ್ಡಡಾಂಯ್ ಎಂದಲ್ಲಿ ಮೇಲೆ ಜಾರುತ್ತಿತ್ತು, ಡೀಂಯ್ ಎಂದಲ್ಲಿ ಒತ್ತಿ ನಡುಗುತ್ತಿತ್ತು; ಇಲ್ಲದ ಬೆರಳಿನ ಸರದಿ ಬಂದಾಗ ಅಷ್ಟು ಹೊತ್ತು ಕಾದು ಮುಂದೆ ಹೋಗುತ್ತಿತ್ತು. ಕೈಯ ಮೇಲೆ ಎಲ್ಲರ ಕಣ್ಣಿದೆಯೆಂದು ಅವನಿಗೆ ತಿಳಿದಿರಲಿಲ್ಲ.

"ಬಾರಿಸ್ತಿದ್ರಿ ಹೌದು ನೀವು," ಎಂದಳು ವೈಜಯಂತಿ.

ರಾಮನಾಥ ನಾಚಿ ಕೈ ಹಿಂದೆ ತೆಗೆದುಕೊಂಡ. ಆಮೇಲೆ ರೋಷನನತ್ತ ಬಾಗಿ, "ಅವಳಿಗೆ ಗೊತ್ತಾಯ್ತಲ್ಲ, ಸಾಕು. ಇನ್ನು ಹಳೇದು ಹಾಕು. ಗದ್ದಲ ಇದ್ರೂ ಅಡ್ಡಿಲ್ಲ. ಆ ದಿವಸ ಬಾರಿಸೋ ಗಡಿಬಿಡೀಲಿ ನಾನೇ ಸಮಾ ಕೇಳಿಲ್ಲ ಮಾರಾಯಾ," ಎಂದ.

ಸುಮಲತಾ ಕಪ್ಪು-ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಒಂದು ಮಾತಾದರೂ ಚುಚ್ಚಿದ್ದರೆ ಆಗುತ್ತಿತ್ತು ಎಂದು ರೋಷನನಿಗೆ ಅನಿಸಿತು.

ಹಳೆಯದರ ಮೇಲೇ ಇದನ್ನು ಮುದ್ರಿಸಿದ್ದು, ಹಳೆಯದು ಇನ್ನಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಟೇಪಿನಲ್ಲಿ ಅವನ ದನಿ ಇನ್ನೂ ಡಡ್ಡಡಾಂಯ್ ಎಂದು ಮೊಳಗುತ್ತಲೇ ಇತ್ತು. ರಾಮನಾಥನ ಎದುರು ಕೂತವನಿಗೆ ಮಾತ್ರ ದನಿ ಹೊರಡಲಿಲ್ಲ.