ಅಳುವುದಕ್ಕೊಂದು ಕೋಚಿಂಗ್

"ವತ್ಸಲಾ, ನೋಡ್ತಿರು! ಈ ಐತವಾರ ನಮ್ಮ ಲಹರಿ ಹೆಂಗ ಅಳ್ತಾಳಂದ್ರ, ಸಂಶೋಧನೆ ಮಾಡಾಕ ಬಂದವರು ಪೆನ್ನು ಕೆಳಗಿಟ್ಟು ತಾವೂ ಅಳಬೇಕು!"

ಹೀಗೆಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡವನು ಯಶವಂತ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋಚಿಂಗ್ ಮೇಷ್ಟ್ರು. ಮೌಸ್ ಮುಟ್ಟಲು ಹೆದರುವವನಿಗೂ ನಾಲ್ಕು ವಾರದಲ್ಲಿ ಜಾವಾ ಅರೆದು ಕುಡಿಸುವ ಪುಣ್ಯಾತ್ಮ! ಕಲಿಸಿದರೂ ಬಾರದ ವಿದ್ಯೆಯೊಂದು ಈ ಭೂಮಂಡಲದಲ್ಲಿ ಇದೆ ಎಂದರೆ ಅವನು ಒಪ್ಪುವವನೇ ಅಲ್ಲ. ಅಂಥವನಿಗೆ ಮೂರು ವರ್ಷದ ಮಗಳಿಗೆ ಅಳು ಕಲಿಸುವುದು ಯಾವ ಲೆಕ್ಕ!

ಆದದ್ದಿಷ್ಟು. ಹೈದರಾಬಾದಿನ ಕನ್ನಡ ಮನೆಗಳಲ್ಲಿ ಪುಟ್ಟ ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂದು ನಿರೀಕ್ಷಾ ಎಂಬ ಮೈಸೂರಿನ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ಮನೆಮನೆಗೆ ಬಂದು ಮಕ್ಕಳನ್ನು ಗಮನಿಸುವುದು ಅವಳ ಕೆಲಸ. ಸನತ್‌ನಗರದ ಇವರ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಹುಲಗೇಶನ ಮಗನ ಸರದಿ ಮುಗಿದಿತ್ತು. ಪ್ರಶ್ನೆಪತ್ರಿಕೆ ಲೀಕ್ ಮಾಡಿದವನು ಇದೇ ಹುಲಗೇಶ.

"ಭಾಳ ಸಸಾರ ಐತ್ರಿ ಸರ. ಕೂಸು ಆಡ್ತಿರತೈತಿ, ನೀವು ಎದ್ದು ಹೊರಗ ಹೋಗಬೇಕು. ಕೂಸು ಏನ್ ಮಾಡತೈತಿ ಅಂತ ಆ ಮೇಡಂ ವಿಡಿಯೋ ತಗೀತಾರ. ನಮ್ಮ ನಿತಿನ ಅತ್ತದ್ದು ಕೇಳಿ ಲಿಫ್ಟಿನ್ಯಾಗ ಹೊಂಟವರು ಇಳದು ಬಂದ್ರು ನೋಡ್ರಿ!"

"ಅಳಲಿಲ್ಲಂದ್ರ?"

"ಅಳಲಿಲ್ಲಂದ್ರ, ಈ ಕೂಸಿಗೆ ಅಪ್ಪ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ ಅಂತ ಬರ್ಕೋತಾರ ಕಾಣ್ತೈತ್ರಿ!"

ಯಶವಂತ ಲೆಕ್ಕ ಹಾಕಿದ. ಬೆಳಗಿನ ಬ್ಯಾಚಿಗೆ ಮಗಳಿಂದ ಟಾಟಾ ಹೇಳಿಸಿಕೊಂಡು ಓಡಿದರೆ, ಸಂಜೆಯ ಬ್ಯಾಚು ಮುಗಿಸಿ ಬರುವಷ್ಟರಲ್ಲಿ ಅವಳು ತೂಕಡಿಸುತ್ತಿರುತ್ತಾಳೆ. ಬಿದ್ದರೂ ಅಮ್ಮ, ಎದ್ದರೂ ಅಮ್ಮ, ಬಾಳೆಹಣ್ಣು ಸುಲಿಯುವುದಕ್ಕೂ ಅಮ್ಮ! ಹಾಗಾದರೆ ತಾನು ಮಗಳಿಗೆ ಬೇಕೋ ಬೇಡವೋ? ಈ ಹುಳ ತಲೆ ಹೊಕ್ಕ ಮೇಲೆ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೆಟ್ರೋದಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲಿಗೂ ಸೀಟಿಗೂ ಓಡಾಡಿದ. ಅವತ್ತೇ ಕೋಚಿಂಗ್ ಶುರು.

"ಲಹರೀ, ಪಪ್ಪಾ ಹೊರಗ ಹೋದ್ರ ನೀ ಏನ್ ಮಾಡಬೇಕು?"

"ಟಾಟಾ ಹೇಳಬೇಕು."

"ಅಲ್ಲವ್ವಾ, ಅಳಬೇಕು!"

"ಯಾಕ?"

ಇಷ್ಟು ವರ್ಷ ಪಾಠ ಮಾಡಿದ ಯಶವಂತ ಥಿಯರಿ ಬಿಟ್ಟು ಸೀದಾ ಪ್ರಾಕ್ಟಿಕಲ್‌ಗೆ ಇಳಿದ. ಹಾಲ್‌ನ ನಡುವೆ ಕುಕ್ಕರಗಾಲಲ್ಲಿ ಕೂತು ತಾನೇ ಗೊಳೋ ಎಂದು ಅತ್ತು ತೋರಿಸಿದ. ಮಗಳು ಬಿದ್ದು ಬಿದ್ದು ನಕ್ಕಳು. ಒಳಗಿನಿಂದ ವತ್ಸಲಾ ಹಿಟ್ಟು ಹತ್ತಿದ ಕೈಯಲ್ಲೇ ಓಡಿಬಂದಳು.

"ಏನ್ರಿ ಇದು! ಕೆಳಗಿನ ಮನಿಯವರು ಫೋನ್ ಮಾಡ್ಯಾರ, ಊರಾಗ ಯಾರರ ತೀರ್ಕೊಂಡ್ರೇನು ಅಂತ!"

"ನಿನಗ ತಿಳಿಯಂಗಿಲ್ಲ ಬಿಡು. ಕೂಸಿನ ಬೆಳವಣಿಗಿ ಪ್ರಶ್ನಾ ಐತಿ ಇದು!"

"ಕೂಸು ಚಂದ ಬೆಳ್ಯಾಕತ್ತೈತಿ. ನೀವು ಬೆಳೆಯೂದು ಬಾಕಿ ಐತಿ!"

ಮೇಷ್ಟ್ರು ಸೋಲಲಿಲ್ಲ. ಹೊರಗೆ ಹೋಗುವುದು, ಬೆಲ್ ಒತ್ತುವುದು, ಒಳಗೆ ಬರುವುದು, ಮತ್ತೆ ಹೊರಗೆ. ಅತ್ತರೆ ಚಾಕಲೇಟು ಎಂದ. ಅವಳು ಚಾಕಲೇಟನ್ನು ಮೊದಲೇ ಇಸಿದುಕೊಂಡಳು. ಬಾಯಿ ತುಂಬಿದ ಮೇಲೆ ಅಳು ಎಲ್ಲಿಂದ ಬರಬೇಕು! ಸಾಲದ್ದಕ್ಕೆ ಚಪ್ಪಾಳೆ ತಟ್ಟಿ ಕುಣಿದಳು: "ಮತ್ತ ಹೋಗು ಪಪ್ಪಾ! ಮತ್ತ ಹೋಗು!"

ಆ ಮಾತು ಅವನಿಗೆ ಚುಚ್ಚಿತು.

ಐತವಾರ ಬಂತು. ನಿರೀಕ್ಷಾ ಚಾಪೆ ಹಾಸಿ, ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ಬಣ್ಣದ ಬ್ಲಾಕುಗಳನ್ನು ಸುರಿದಳು. ವತ್ಸಲಾ ಅಡುಗೆಮನೆಯಲ್ಲೇ ಇರಬೇಕೆಂದು ಹೇಳಿದ್ದಾಯಿತು.

"ನೀವು ದಿನಾ ಹೇಗಿರ್ತೀರೋ ಹಾಗೇ ಇರಿ ಸಾರ್. ನಾನು ಸನ್ನೆ ಮಾಡಿದಾಗ ಹೊರಗೆ ಹೋಗಿ. ಕರೆದಾಗ ಬನ್ನಿ, ಅಷ್ಟೇ."

ಸನ್ನೆಯಾಯಿತು. ಯಶವಂತ ಮಗಳಿಗೊಮ್ಮೆ ಕಣ್ಣು ಹೊಡೆದು ಎದ್ದ. ಅವಳು ಬ್ಲಾಕಿನ ಮೇಲಿಂದ ತಲೆಯನ್ನೂ ಎತ್ತದೆ "ಟಾಟಾ" ಎಂದಳು. ಬಾಗಿಲು ಮುಚ್ಚಿಕೊಂಡಿತು.

ಹೊರಗೆ ಯಶವಂತ ಅಳುವಿಗಾಗಿ ಕಾದು ನಿಂತ. ಅಳು ಇಲ್ಲ! ಲಿಫ್ಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಲಿಫ್ಟಿಗೆ ಶತಪಥ ಹಾಕಿದ. ಬಾಗಿಲಿಗೆ ಕಿವಿ ಹಚ್ಚಿದ. ಒಳಗಿನಿಂದ ಬಂದದ್ದು ಕಿಲಕಿಲ ನಗು! ಅಯ್ಯೋ, ಅಪ್ಪ ಹೊರಗೆ ಹೋದ ಖುಷಿಗೆ ನಗುವ ಮಗಳೇ! ಅವನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಕೆಳಗಿನ ಮನೆಯ ತೆಲುಗು ಆಂಟಿ ಕರಿಬೇವು ಹಿಡಿದು ಮೆಟ್ಟಿಲು ಹತ್ತಿ ಬಂದರು. ಸ್ವಂತ ಮನೆಯ ಮುಚ್ಚಿದ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿರುವ ಗಂಡಸನ್ನು ಕಂಡರೆ ಯಾರಿಗಾದರೂ ಏನನ್ನಿಸಬೇಕು?

"ಏಮಾಯಿಂದಿ ಸಾರ್? ಮೇಡಂ ಗೆಂಟೇಸಿಂದಾ?" ಎಂದರು. ಏನಾಯ್ತು, ಹೆಂಡತಿ ಹೊರದಬ್ಬಿದಳಾ ಅಂತ!

ಯಶವಂತ ಇಲ್ಲವೆಂದು ತಲೆ ಅಲ್ಲಾಡಿಸಿದ. ಅದು ಹೌದು ಎಂಬಂತೆ ಕಂಡಿರಬೇಕು. ಆಂಟಿ ಬಾಗಿಲು ದಬದಬ ಬಡಿದರು. "ಅಮ್ಮಾ ವತ್ಸಲಾ! ಪಾಪಂ, ಏಡುಸ್ತುನ್ನಾಡಮ್ಮಾ!" ಪಾಪ, ಅಳ್ತಿದಾನಮ್ಮಾ ಎಂಬ ಆ ಕೂಗು ಎಲ್ಲ ಮಹಡಿಗೂ ಮುಟ್ಟಿತು. ಮೇಲಿನವರು ಇಳಿದರು, ಕೆಳಗಿನವರು ಹತ್ತಿದರು. ಗಾಬರಿಯಾಗಿ ವತ್ಸಲಾ ಬಾಗಿಲು ತೆಗೆದದ್ದೇ ತಡ, ರಾಜಿ ಮಾಡಿಸಲು ಇಡೀ ಬಿಲ್ಡಿಂಗು ಒಳಗೆ ನುಗ್ಗಿತು! ಬ್ಲಾಕು ಕಾಲಡಿ, ಕ್ಯಾಮೆರಾ ಅಡ್ಡಡ್ಡ!

ಗದ್ದಲದ ನಡುವೆ ಲಹರಿ ನುಸುಳಿ ಬಂದು ಅಪ್ಪನನ್ನು ಬಗ್ಗಿಸಿದಳು. ಫ್ರಾಕಿನ ಅಂಚಿನಿಂದ ಅವನ ಮೂಗು ಒರೆಸಿದಳು.

"ಅಳಬ್ಯಾಡ ಪಪ್ಪಾ. ಬಂದ್ಯಲ್ಲ!"

ಜನರನ್ನು ಸಾಗಹಾಕಿ ಯಶವಂತ ಅಪರಾಧಿಯಂತೆ ಕೇಳಿದ: "ಮೇಡಂ, ಅಳಲೇ ಇಲ್ಲ. ಫೇಲಾ?"

ನಿರೀಕ್ಷಾ ನಗು ತಡೆದುಕೊಂಡಳು. "ಇದು ಪರೀಕ್ಷೆ ಅಲ್ಲ ಸಾರ್. ಅಳಲೇಬೇಕು ಅಂತಾನೂ ಇಲ್ಲ. ನೀವು ವಾಪಸ್ ಬಂದಾಗ ಮಗು ಹತ್ರ ಬರುತ್ತಾ, ಹೇಗೆ ಬರುತ್ತೆ, ಅದೇ ನಮಗೆ ಮುಖ್ಯ. ಚೆನ್ನಾಗೇ ಬಂದ್ಲು. ಆದ್ರೆ ಈ ವಿಡಿಯೋ ಕೆಲಸಕ್ಕೆ ಬರಲ್ಲ. ಅತ್ತಿರೋದು ನೀವು!"

ಅಂದರೆ ವಾರವಿಡೀ ಬಾಯಿಪಾಠ ಮಾಡಿಸಿದ್ದು ಸಿಲಬಸ್‌ನಲ್ಲೇ ಇಲ್ಲದ ಪಾಠ!

ನಿರೀಕ್ಷಾ ಸಾಮಾನು ಕಟ್ಟಿಕೊಂಡು ಲಿಫ್ಟು ಹತ್ತಿದಳು. ಹತ್ತಿದ್ದೇ ತಡ, ಲಹರಿ ನೆಲಕ್ಕೆ ಬಿದ್ದು ಹೊರಳಾಡಿ ಭೋರೆಂದಳು. ಅದೇನು ಅಳು! ನಿತಿನನ ಅಳು ಇದರ ಮುಂದೆ ಏನೂ ಅಲ್ಲ. ಯಶವಂತನ ಹೊಟ್ಟೆ ಉರಿದುಹೋಯಿತು.

"ಯಾಕವ್ವಾ? ನಾ ಹೋದಾಗ ಒಂದು ಹನಿ ಬರಲಿಲ್ಲ, ಆ ಆಂಟಿ ಹೋದ್ರ ಇಷ್ಟು ಅಳ್ತಿ?"

ಬಿಕ್ಕಳಿಸುತ್ತಲೇ ಲಹರಿ ಅಪ್ಪನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ಆಂಟಿ ಹೋದ್ರ ಬರಂಗಿಲ್ಲ. ನೀ ಹೋದ್ರ ಬಂದೇ ಬರ್ತಿ! ಹೋಗು ಪಪ್ಪಾ, ಆಂಟಿನ್ನ ಕರ್ಕೊಂಡು ಬಾ!"

ಯಶವಂತ ಬರಿಗಾಲಲ್ಲೇ ಓಡಿದ. ಅವನು ಹೊಸ್ತಿಲು ದಾಟಿದ್ದೇ ತಡ, ಒಳಗೆ ಮಗಳ ಅಳು ಟಪ್ಪನೆ ನಿಂತಿತು!