ಹಸಿರು ಇಂಕಿನ ಮಂಗ

ನನಗೆ ಚಿತ್ರ ಬರೆಯಲು ಬರುವುದಿಲ್ಲ ಎಂಬ ಸಂಗತಿ ಐವತ್ತೇಳನೆಯ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ ನೋಡಿ! ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನು ಸೆಕ್ಷನ್ ಆಫೀಸರ್. ಅದೂ ಗೆಜೆಟೆಡ್! ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಒಂದು ಕಾಲಕ್ಕೆ ಯಾರ ಮಕ್ಕಳು ಪಾಸಾದರೂ ಅಂಕಪಟ್ಟಿಯ ನಕಲು ನನ್ನ ಊಟದ ಮೇಜಿಗೆ ಬರುತ್ತಿತ್ತು. ನಾನು ಕನ್ನಡಕ ಏರಿಸಿ, "ಒರಿಜಿನಲ್ ದಿಖಾಯಿಯೇ" ಅನ್ನುತ್ತಿದ್ದೆ. ಒರಿಜಿನಲ್ ಹಾಜರು ಮಾಡದೆ ಸ್ವಂತ ಭಾವಮೈದುನನಿಗೂ ಸಹಿ ಹಾಕಿದವನಲ್ಲ. ಆಮೇಲೆ ಹಸಿರು ಪೆನ್ನು ತೆಗೆದು "ಟ್ರೂ ಕಾಪಿ, ಅಟೆಸ್ಟೆಡ್" ಎಂದು ಬರೆದು ಒಂದು ಸಹಿ ಎಳೆದರೆ, ಆಹಾ!

ಆಮೇಲೆ ಸರ್ಕಾರವೇ "ನಿಮ್ಮ ನಕಲಿಗೆ ನೀವೇ ಸಹಿ ಹಾಕಿಕೊಳ್ಳಿ" ಎಂದುಬಿಟ್ಟಿತು. ನನ್ನ ಹಸಿರು ಪೆನ್ನಿಗೆ ಕೆಲಸವೇ ಇಲ್ಲದಂತಾಯಿತು.

ಮಗಳು ಪಲ್ಲವಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಇಳಿದು ಹಿಂದಿ ಹತ್ತಿಕೊಳ್ಳುತ್ತಾಳೆ. ಬರೆಯುವುದಂತೂ ದೂರದ ಮಾತು. ನಾಲ್ಕು ತಿಂಗಳಿಂದ ಅವಳು ಕಂಪ್ಯೂಟರಿನಲ್ಲಿ ಒಂದು ಆಟ ಕಟ್ಟುತ್ತಿದ್ದಳು. ಹುಬ್ಬಳ್ಳಿಯಿಂದ ಬಂದ ಅಜ್ಜಿಯೊಬ್ಬಳು ಕೊತ್ತಂಬರಿ ತರಲು ಕೆಳಗಿಳಿದು, ಎಲ್ಲ ಬ್ಲಾಕುಗಳೂ ಒಂದೇ ಥರ ಇರುವ ಸೊಸೈಟಿಯಲ್ಲಿ ಮನೆ ಹುಡುಕಿಕೊಂಡು ಅಲೆಯುವ ಆಟ. ನಮ್ಮ ಅತ್ತೆ ನಿಜವಾಗಿಯೂ ಹಾಗೆ ಅಲೆದು ಬೇರೆಯವರ ಮನೆಯಲ್ಲಿ ಚಹಾ ಕುಡಿದು ಬಂದಿದ್ದರು. ಕಾಲೇಜಿನ ಪ್ರದರ್ಶನದಲ್ಲಿ ಈ ಆಟ ಇಡಬೇಕು. ನಿಯಮ ಒಂದೇ: ಒಂದು ಗೆರೆಯೂ ಎಲ್ಲಿಂದಲೋ ನಕಲು ಮಾಡಿದ್ದಾಗಿರಬಾರದು. ಕದ್ದದ್ದು ಸಿಕ್ಕರೆ ಆಟ ಹೊರಗೆ!

ಪ್ರದರ್ಶನಕ್ಕೆ ಎಂಟು ದಿನ ಇರುವಾಗ ಚಿತ್ರ ಬರೆದುಕೊಡುತ್ತಿದ್ದ ಗೆಳತಿ ಜ್ವರ ಬಂದು ಮಲಗಿದಳು. ಅಜ್ಜಿ ಮುಗಿದಿದ್ದಳು, ಬ್ಲಾಕುಗಳು ಮುಗಿದಿದ್ದವು. ಅಜ್ಜಿಯ ಚೀಲ ಕಿತ್ತುಕೊಂಡು ಓಡುವ ಮಂಗ ಒಂದು ಬಾಕಿ.

"ಮಂಗ ತಾನೆ? ನಾನು ಮಾಡ್ತೀನಿ ಬಿಡು," ಎಂದೆ. ಯಾವ ಗಳಿಗೆಯಲ್ಲಿ ಎಂದೆನೋ!

ಈ ಪಿಕ್ಸೆಲ್ ಆರ್ಟ್ ಅಂದರೆ ಚಿಕ್ಕ ಚಿಕ್ಕ ಚೌಕಗಳಿಗೆ ಬಣ್ಣ ತುಂಬಿ ಚಿತ್ರ ಮಾಡುವುದು. ಅಡ್ಡ ಮೂವತ್ತೆರಡು ಚೌಕ, ಉದ್ದ ಮೂವತ್ತೆರಡು ಚೌಕ, ಅಷ್ಟರಲ್ಲೇ ಮಂಗ ಮುಗಿಯಬೇಕು. ನನ್ನ ಹೆಂಡತಿ, ಧಾರವಾಡದ ಸುಮಂಗಲಾ ಇಣುಕಿ ನೋಡಿ, "ಇದು ನಮ್ಮ ಕಸೂತಿ ಇದ್ದಂಗ ಅದ. ಮನೀ ಎಣಿಸಿ ಹಾಕೋದು. ನಿಮ್ಮ ಕೈಲೆ ಆಗೂದಲ್ಲ ಬಿಡ್ರಿ," ಎಂದಳು. ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಸರ್ಕಾರದ ಫಾರ್ಮುಗಳ ಚೌಕ ತುಂಬಿದವನಿಗೆ ಈ ಮಾತೇ?

ಒಂದೇ ಗಂಟೆಯಲ್ಲಿ ಮಂಗ ಸಿದ್ಧ! ಪಲ್ಲವಿ ನೋಡಿದಳು. ಫೋನಿನಲ್ಲಿ ಹುಡುಕಿ ಇನ್ನೊಂದು ಮಂಗದ ಚಿತ್ರ ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದಳು.

"ಅಪ್ಪಾ, ಯೇ ತೋ ಕಾಪಿ ಹೈ!"

"ಕಾಪಿ ಎಲ್ಲಿಂದ ಬಂತು? ಬಾಲದ ಬಣ್ಣ ಬದಲಾಯಿಸಿದೀನಲ್ಲ!"

"ಬಾಲ ಅಷ್ಟೇ ಬದಲಾಯಿಸಿದೀಯ. ಬಾಕಿ ಸಬ್ ಸೇಮ್!"

ಅವಳಿಗೆ ಹೇಗೆ ಹೇಳಲಿ? ಕಚೇರಿಯಲ್ಲಿ ನಾವು ಪತ್ರ ಬರೆಯುವುದೇ ಹಾಗೆ. ಹೋದ ವರ್ಷದ ಪತ್ರ ತೆಗೆ, ತಾರೀಖು ಬದಲಾಯಿಸು, ಕಳಿಸು. ಹಿಂದೆ ಯಾರೂ ಬರೆಯದ ಸಾಲೊಂದನ್ನು ಬರೆದರೆ ಮೇಲಧಿಕಾರಿ ಕರೆದು, "ಇದಕ್ಕೆ ಆಧಾರವೇನು?" ಅಂತ ಕೇಳುತ್ತಾರೆ. ಅಂಥವನಿಗೆ ಆಧಾರವೇ ಇಲ್ಲದ ಮಂಗ ಮಾಡು ಅಂದರೆ?

ಪಲ್ಲವಿ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಫೋಟೋ ನೋಡಬೇಡ ಅಪ್ಪಾ. ಅಸಲಿ ಚೀಜ್ ನೋಡು, ಚೌಕ ಎಣಿಸು, ಆಮೇಲೆ ನಿನ್ನದೇ ಥರ ಮಾಡು," ಎಂದು ಒಂದು ಗ್ರಾಫ್ ಪುಸ್ತಕ ಕೊಟ್ಟಳು. ಮಗಳು ಇಷ್ಟು ಹೊತ್ತು ನನ್ನ ಪಕ್ಕ ಕೂತು ಎಷ್ಟು ವರ್ಷವಾಗಿತ್ತೋ! ಆ ಸಂತೋಷಕ್ಕೆ ನಾನು ಹತ್ತು ಮಂಗ ಮಾಡಲೂ ಸಿದ್ಧನಾದೆ.

ಅಸಲಿ ಮಂಗಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಭಾನುವಾರ ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತೆ. ಎದುರಿನ ಸಿ ಬ್ಲಾಕಿನ ಮೂರನೇ ಮಹಡಿಯ ಬಾಲ್ಕನಿಯ ಕಟಕಟೆ ಮೇಲೆ ಒಂದು ದೊಡ್ಡ ಮಂಗ ಬಂದು ಕೂತಿತು. ನಾನು ಪೆನ್ಸಿಲನ್ನು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, "ಕಟಕಟೆಯಿಂದ ತಲೆಗೆ ಹನ್ನೆರಡು... ಅಗಲ ಒಂಬತ್ತು..." ಎಂದು ಗಟ್ಟಿಯಾಗಿ ಎಣಿಸುತ್ತ ಗ್ರಾಫಿನಲ್ಲಿ ಗುರುತು ಹಾಕಿಕೊಂಡೆ.

ಆ ಬಾಲ್ಕನಿ ಖುರಾನಾ ಅವರದ್ದು. ಅವರು ಅದನ್ನು ನಾಲ್ಕಡಿ ಮುಂದೆ ಎಳೆದು, ಅರ್ಧಕ್ಕೆ ಗಾಜು ಹಾಕಿಸಿ, ಯಾರನ್ನೂ ಕೇಳದೆ ಪೂಜಾ ಕೋಣೆ ಮಾಡಿಕೊಂಡಿದ್ದರು. ಸರ್ಕಾರಿ ಅಧಿಕಾರಿಯೊಬ್ಬ ಗ್ರಾಫ್ ಪುಸ್ತಕ ಹಿಡಿದು ತಮ್ಮ ಬಾಲ್ಕನಿಯನ್ನೇ ಅಳೆಯುವುದನ್ನು ಕಂಡವರ ಎದೆ ಏನಾಗಿರಬೇಡ! ಐದು ನಿಮಿಷದಲ್ಲಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗೆ ಬಂದರು.

"ಭಾಯಿಸಾಬ್, ಕ್ಯಾ ಕರ್ ರಹೇ ಹೈಂ?"

ನಾನು ಕನ್ನಡದಲ್ಲಿ ಯೋಚಿಸಿ ಹಿಂದಿಯಲ್ಲಿ ಮಾತಾಡುವವನು. ಮಂಗ ಮಾಡ್ತಿದ್ದೀನಿ ಎನ್ನುವುದನ್ನು ಹಾಗೇ ತಿರುಗಿಸಿ, "ಬಂದರ್ ಬನಾ ರಹಾ ಹೂಂ," ಎಂದು ವಿನಯದಿಂದ ಹೇಳಿದೆ.

"ಕಿಸ್ಕೋ? ಮುಝೆ?" ಖುರಾನಾ ಮುಖ ಕೆಂಪಾಯಿತು.

ಯಾರನ್ನು ಮಂಗ ಮಾಡ್ತಿದ್ದೀರಿ, ನನ್ನನ್ನಾ ಅಂತ! ನಾನು ಪುಸ್ತಕ ತೋರಿಸಿದೆ. ಅದರಲ್ಲಿ ಕಟಕಟೆ ಸ್ಪಷ್ಟವಾಗಿತ್ತು, ಅಳತೆ ಸ್ಪಷ್ಟವಾಗಿತ್ತು. ಮಂಗ ಮಾತ್ರ ಗ್ಯಾಸ್ ಸಿಲಿಂಡರಿನ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸರ್ವೆ ಶುರುವಾಗಿದೆ ಎಂಬ ಸುದ್ದಿ! ಸಂಜೆಯೊಳಗೆ, ಹೀಗೇ ಬಾಲ್ಕನಿ ಎಳೆದುಕೊಂಡಿದ್ದ ಮೂರು ಮನೆಗಳಿಂದ ಹಲ್ವಾ ಬಂತು. ಸುಮಂಗಲಾ ಮೂರೂ ಮನೆಗೆ ಹೋಗಿ, "ನಮ್ಮವರಿಗೆ ಚಿತ್ರದ ಹುಚ್ಚು ಹಿಡಿದದ ಅಷ್ಟೇ" ಎಂದು ಹಿಂದಿಯಲ್ಲಿ ತಿಳಿಸಿ, ಡಬ್ಬಿ ವಾಪಸ್ ಕೊಟ್ಟು ಬಂದಳು.

"ಇನ್ನ ಮ್ಯಾಲೆ ಮಂದಿ ಬಾಲ್ಕನಿ ಕಡೆ ಕತ್ತ ಎತ್ತಿದ್ರ ನೋಡ್ರಿ! ಮಂಗ ನೋಡಬೇಕಂದ್ರ ಮನ್ಯಾಗ ಕನ್ನಡಿ ಅದ."

ಸಿಟ್ಟಿನಲ್ಲಿ ಹೇಳಿದ ಮಾತು. ಆದರೆ ಯೋಚಿಸಿದರೆ, ಎಂಥ ಉಪಾಯ! ಕನ್ನಡಿ ಮುಂದೆ ಕೂತು ಕೆನ್ನೆ ಉಬ್ಬಿಸಿದೆ, ತುಟಿ ಮುಂದೆ ಚಾಚಿದೆ, ಚೀಲ ಕಿತ್ತುಕೊಳ್ಳುವ ಹಾಗೆ ಕೈ ಮಾಡಿದೆ. ಮೂಗಿಗೆ ಒಂದೇ ಚೌಕ. ಅದು ಒಂದು ಮನೆ ಆಚೆ ಹೋದರೆ ನಗುವ ಮಂಗಕ್ಕೆ ಹಲ್ಲುನೋವು! ಅಳಿಸಿ, ಹಾಕಿ, ಅಳಿಸಿ, ನಾಲ್ಕನೇ ದಿನಕ್ಕೆ ಒಂದು ಮಂಗ ನಿಂತಿತು. ಯಾರದ್ದನ್ನೂ ಕದಿಯದ, ನನ್ನದೇ ಮಂಗ. ಪಲ್ಲವಿ ಅದನ್ನು ಬಹಳ ಹೊತ್ತು ನೋಡಿ, ತುಟಿ ಕಚ್ಚಿಕೊಂಡು, "ಪರ್ಫೆಕ್ಟ್ ಅಪ್ಪಾ," ಎಂದಳು. ನನಗೆ ಕಣ್ಣು ತುಂಬಿ ಬಂತು.

ಕೊನೆಗೆ ಒಂದು ಕಾಗದ ಉಳಿಯಿತು. ಮಂಗದ ಚಿತ್ರ ಅಚ್ಚಾದ ಹಾಳೆ, ಕೆಳಗೆ ಇದು ಸ್ವಂತ ಚಿತ್ರ ಎಂದು ಬರೆದವರು ಸಹಿ ಹಾಕಲು ಜಾಗ. ಪಲ್ಲವಿ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ, "ಅಪ್ಪಾ ಸೈನ್!" ಎಂದಳು. ಎಷ್ಟೋ ವರ್ಷಗಳ ನಂತರ ನನ್ನ ಸಹಿ ಬೇಡಿ ಒಂದು ಕಾಗದ ಮನೆಗೆ ಬಂದಿತ್ತು! ಹಸಿರು ಪೆನ್ನು ಹುಡುಕಿ, ನೀರಿನಲ್ಲಿ ಅದ್ದಿ ಜೀವ ಬರಿಸಿ, ಠೀವಿಯಿಂದ ಸಹಿ ಹಾಕಿದೆ. ಅವಳು ಲಕೋಟೆಗೆ ತುರುಕಿಕೊಂಡು ಓಡಿದಳು.

ಪ್ರದರ್ಶನದ ದಿನ ನಾನೂ ಸುಮಂಗಲಾನೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದೆವು. ಪಲ್ಲವಿಯ ಮೇಜಿನ ಮುಂದೆ ತೀರ್ಪುಗಾರ ಮೇಡಂ ನಿಂತಿದ್ದರು. ಕೈಯಲ್ಲಿ ನನ್ನ ಕಾಗದ.

"ಚಿತ್ರ ಸ್ವಂತದ್ದು ಅಂತೀರಿ. ಮತ್ತೆ ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಂಗದ ಕೆಳಗೆ ದುಂಡಗಿನ ಅಕ್ಷರದಲ್ಲಿ, ಹಸಿರು ಇಂಕಿನಲ್ಲಿ, ಎರಡು ಗೆರೆ ಎಳೆದು ಬರೆದಿತ್ತು: ಟ್ರೂ ಕಾಪಿ, ಅಟೆಸ್ಟೆಡ್!

ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ನಾಲ್ಕು ತಿಂಗಳ ಕೆಲಸವನ್ನು ನಾನು ಒಂದು ಸಹಿಯಲ್ಲಿ ಮುಗಿಸಿದ್ದೆ. "ಮೇಡಂ, ಅದು... ಅಭ್ಯಾಸ... ಮೂವತ್ತು ವರ್ಷ..." ಎಂದು ತೊದಲಿದೆ.

"ಕಾಪಿ ಅಂದಮೇಲೆ ಒರಿಜಿನಲ್ ಇರಬೇಕಲ್ಲ? ಎಲ್ಲಿದೆ ಒರಿಜಿನಲ್?"

ಪಲ್ಲವಿ ಮುಖ ಬಿಳುಚಿತ್ತು. ನನ್ನನ್ನು ನೋಡಿದಳು. ಪರದೆಯ ಮೇಲೆ ಕೆನ್ನೆ ಉಬ್ಬಿಸಿ ಕುಣಿಯುತ್ತಿದ್ದ ಮಂಗವನ್ನು ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಮೇಡಂ ಮುಂದೆ ಎಳೆದು ನಿಲ್ಲಿಸಿದಳು.

"ಯೇ ರಹಾ ಒರಿಜಿನಲ್, ಮ್ಯಾಮ್."

ಮೇಡಂ ಮಂಗ ನೋಡಿದರು, ನನ್ನನ್ನು ನೋಡಿದರು. ಮತ್ತೆ ಮಂಗ, ಮತ್ತೆ ನಾನು. ಹೆದರಿಕೆಗೆ ನನ್ನ ಕೆನ್ನೆ ತಾನಾಗಿಯೇ ಉಬ್ಬಿತ್ತು. ಅವರು ನಗು ತಡೆಯಲಾಗದೆ ಮೇಜು ಹಿಡಿದುಕೊಂಡು, "ಅಚ್ಛಾ, ಅಟೆಸ್ಟೇಶನ್ ಸರಿಯಾಗಿದೆ," ಎಂದು ಟಿಕ್ ಹಾಕಿ ಮುಂದೆ ಹೋದರು.

ಆಟ ಉಳಿಯಿತು. ಅಜ್ಜಿ ಮನೆ ಸೇರಿದ ಮೇಲೆ ಪರದೆಯ ಮೇಲೆ ಕೆಲಸ ಮಾಡಿದವರ ಹೆಸರು ಬರುತ್ತದೆ. ಕೊನೆಯ ಸಾಲನ್ನು ಪಲ್ಲವಿ ಯಾರನ್ನೂ ಕೇಳದೆ ತಾನೇ ಕನ್ನಡದಲ್ಲಿ ಬರೆದಿದ್ದಳು: "ಮಂಗ: ಅಪ್ಪ."

ಅವಳು ಸ್ವಂತವಾಗಿ ಬರೆದ ಮೊದಲ ಕನ್ನಡ ಸಾಲು. ಅಭ್ಯಾಸ ನೋಡಿ, ಕನ್ನಡಕ ಏರಿಸಿ ಎರಡು ಸಲ ಓದಿದೆ. ಒಂದೂ ತಪ್ಪಿರಲಿಲ್ಲ.